ಸಾರಾಂಶ ಬರಹಕ್ಕೆ ಹತ್ತು ಅಂಕ

ಧಾರವಾಡದಲ್ಲಿ ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುವ ಮಕ್ಕಳಿಗೆ ಮೊದಲ ಪತ್ರಿಕೆಯನ್ನು ಹೇಳಿಕೊಡಲು ಹಿಡಿದು ಒಂಬತ್ತು ವರ್ಷವಾಯಿತು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ, ಸಪ್ತಾಪುರದ ಕಡೆಯ ಒಂದು ಕೋಚಿಂಗ್ ಕೇಂದ್ರದವರು ವಾರಕ್ಕೆ ಎರಡು ದಿನ ಬಂದು ಹೋಗಿ ಎಂದು ಕರೆದಾಗ, ಮನೆಯಲ್ಲಿ ಕೂತು ಮಾಡುವುದಾದರೂ ಏನು ಎಂದು ಒಪ್ಪಿಕೊಂಡೆ. ಮೊದಲ ಪತ್ರಿಕೆ 50 ಅಂಕದ್ದು: ಪ್ರಬಂಧಕ್ಕೆ 20, ಅನುವಾದಕ್ಕೆ 20, ಸಾರಾಂಶ ಬರಹಕ್ಕೆ 10. ಎರಡನೆಯದು ಸಾಮಾನ್ಯ ಜ್ಞಾನ ಮತ್ತು ಮಾನಸಿಕ ಸಾಮರ್ಥ್ಯದ 150 ಅಂಕದ ಬಹುಆಯ್ಕೆ ಪತ್ರಿಕೆ. ಊರಿನ ಕೋಚಿಂಗ್ ವ್ಯವಹಾರವೆಲ್ಲ ನಿಂತಿರುವುದು ಈ ಎರಡನೆಯದರ ಮೇಲೆ. ನನ್ನ ತರಗತಿ ತುಂಬುವುದು ಇತಿಹಾಸದ ಸರ್ ಬಾರದ ದಿನ, ಇಲ್ಲವೆ ಫ್ಯಾನು ತಿರುಗುವ ಕೋಣೆ ಅದೊಂದೇ ಆದ ದಿನ.

ಧಾರವಾಡ ಬಲ್ಲವರಿಗೆ ಈ ಮಕ್ಕಳ ದಿನಚರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಣ, ಶಿರಹಟ್ಟಿ, ಸವಣೂರು, ಹಿರೇಕೆರೂರು, ನವಲಗುಂದ, ಇನ್ನೂ ಆಚೆಯ ಬಾಗಲಕೋಟೆ, ಕೊಪ್ಪಳಗಳಿಂದ ಬಂದು, ಒಂದು ಕೋಣೆಯಲ್ಲಿ ನಾಲ್ವರಂತೆ ಬಾಡಿಗೆಗಿದ್ದು, ಬೆಳಗಿನ ಐದೂವರೆಗೆ ಕೆಸಿಡಿ ಮೈದಾನಕ್ಕೋ ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕೋ ಓಡಲು ಹೋಗಿ ಬಂದು, ಒಂಬತ್ತಕ್ಕೆ ಲೈಬ್ರರಿಯ ತಿಂಗಳ ಬಾಡಿಗೆಯ ಕುರ್ಚಿ ಹಿಡಿದರೆಂದರೆ ಮತ್ತೆ ಏಳುವುದು ಖಾನಾವಳಿಯ ರೊಟ್ಟಿಗೆ. ಓಟದ ಲೆಕ್ಕ ಅವರಿಗೆ ಬಾಯಿಪಾಠ. ಕಾನ್‌ಸ್ಟೆಬಲ್ ಆಗುವ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಪಿಎಸ್‌ಐ ಆಗುವವರು ಏಳು ನಿಮಿಷದಲ್ಲಿ, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಗಂಡಸರ ಎತ್ತರ 168 ಸೆಂ.ಮೀ. ಇರಬೇಕು, ಅವರು ಎಸೆಯುವ ಗುಂಡಿನ ತೂಕ 7.26 ಕಿಲೋ. "ಫಿಸಿಕಲ್ ಪಾಸಾಗೇತ್ರಿ ಸರ" ಎನ್ನುವಾಗ ಅವರ ಮುಖದಲ್ಲಿ ಅರ್ಧ ನೌಕರಿ ಸಿಕ್ಕವರ ಕಳೆ ಇರುತ್ತದೆ. ಇದನ್ನು ಹಗುರವಾಗಿ ಹೇಳುತ್ತಿಲ್ಲ. ಎದೆ ಒಂದು ಸೆಂಟಿಮೀಟರ್ ಕಡಿಮೆ ಉಬ್ಬಿದ್ದಕ್ಕೆ ಮೂರು ವರ್ಷದ ಓದು ನೀರುಪಾಲಾಗಿ, ಮಾತಿಲ್ಲದೆ ಟ್ರಂಕು ಕಟ್ಟಿಕೊಂಡು ಊರ ಬಸ್ ಹತ್ತಿದ ಹುಡುಗನನ್ನು ಕಣ್ಣಾರೆ ನೋಡಿದ್ದೇನೆ.

ಸಾರಾಂಶ ಬರಹದಲ್ಲಿ ಕೊಟ್ಟ ಭಾಗವನ್ನು ಮೂರರಲ್ಲೊಂದು ಪಾಲಿಗೆ ಇಳಿಸಬೇಕು. ಬೇಕಾದದ್ದನ್ನು ಬಿಡಬಾರದು, ತನ್ನ ಮಾತನ್ನು ಸೇರಿಸಬಾರದು. ನನ್ನ ಹುಡುಗರು ಮಾಡುವುದೇನೆಂದರೆ ಮೊದಲ ನಾಲ್ಕು ಸಾಲನ್ನು ಹಾಗೆಯೇ ಎತ್ತಿಕೊಂಡು, ನಡುವಿನದನ್ನು ಹಾರಿಸಿ, ಕೊನೆಗೆ "ಆದ್ದರಿಂದ ನಾವೆಲ್ಲರೂ ಕೈಜೋಡಿಸಬೇಕು" ಎಂಬ ಉಪದೇಶವೊಂದನ್ನು ಅಂಟಿಸುವುದು. ಮೂಲದಲ್ಲಿ ಆ ಮಾತು ಎಲ್ಲಿದೆ ತೋರಿಸು ಎಂದರೆ ಹಲ್ಲು ಕಿರಿಯುತ್ತಾರೆ. ಹಿರೇಕೆರೂರಿನ ಕಡೆಯವನೊಬ್ಬ ಒಮ್ಮೆ ಎದ್ದು ನಿಂತು ಕೇಳಿಯೇಬಿಟ್ಟ: "ಸರ, ಹತ್ತು ಮಾರ್ಕ್ಸಿಗೆ ಇಷ್ಟ್ಯಾಕ್ರಿ ಒದ್ದಾಡೋದು? ಅಷ್ಟೊತ್ತಿನ್ಯಾಗ ಮೆಂಟಲ್ ಎಬಿಲಿಟಿ ಇಪ್ಪತ್ತು ಲೆಕ್ಕ ಮಾಡಬಹುದಲ್ರಿ." ಭಾಷೆಯ ಮೇಷ್ಟ್ರುಗಳು ಹೇಳುವ ಸವಕಲು ಮಾತುಗಳನ್ನು ಹೇಳಿ ಅಂದು ಪಾರಾದೆ. ಸರಿಯಾದ ಉತ್ತರ ಸಿಗಲು ನಾನು 86 ಸಾವಿರ ರೂಪಾಯಿ ಕಳೆದುಕೊಳ್ಳಬೇಕಾಯಿತು.

ಅದು ಶ್ರಾವಣದ ಒಂದು ಸಂಜೆ. ನಿಮ್ಮ ಕರೆಂಟ್ ಬಿಲ್ ದಾಖಲಾಗಿಲ್ಲ, ರಾತ್ರಿ ಒಂಬತ್ತೂವರೆಗೆ ಸಂಪರ್ಕ ಕಡಿಯುತ್ತೇವೆ, ಕೂಡಲೆ ಈ ಸಂಖ್ಯೆಗೆ ಮಾತನಾಡಿ ಎಂಬ ಸಂದೇಶ ಬಂತು. ಮಾತನಾಡಿದೆ. ಆ ಕಡೆಯವನು ಬಲು ಮರ್ಯಾದೆಯಿಂದ "ಸರ್, ಸರ್" ಎನ್ನುತ್ತ ಒಂದು ಫೈಲು ಕಳಿಸಿದ, ನಾನು ಅದನ್ನು ಒತ್ತಿದೆ. ಹನ್ನೊಂದು ನಿಮಿಷದಲ್ಲಿ ಮೂರು ಸಲ ಹಣ ಕಡಿತವಾದ ಸಂದೇಶ ಬಂತು. ಇಂಥ ಹೊತ್ತಿನಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಮಾಡಿದರೆ ಮಾಹಿತಿ ನೇರ ಬ್ಯಾಂಕುಗಳಿಗೆ ಹೋಗುತ್ತದೆ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಕೂತಿದ್ದರೆ ಅಲ್ಲಿಯೇ ತಡೆಹಿಡಿಯುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅದೇ ವಿಷಯದ ಮೇಲೆ ಪ್ರಬಂಧ ಬರೆಸಿದವನು ನಾನು. ಆದರೂ ಎರಡು ತಾಸು ಸುಮ್ಮನೆ ಕೂತೆ. ಅರವತ್ತು ದಾಟಿದ ಮೇಷ್ಟ್ರು ಮೋಸಹೋದೆ ಎಂದು ಮಗನಿಗೆ ಹೇಳಲು ನಾಚಿಕೆಯಾಗಿತ್ತು. ಆ ನಾಚಿಕೆಯ ಬೆಲೆಯನ್ನೂ ಕಳೆದ ಹಣದ ಲೆಕ್ಕಕ್ಕೇ ಸೇರಿಸಬೇಕು.

ಮರುದಿನ ನಾಲ್ಕು ಪುಟದ ದೂರು ಬರೆದುಕೊಂಡು ಸೈಬರ್ ಠಾಣೆಗೆ ಹೋದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಎರಡು ಸಲ ಪಿಎಸ್‌ಐ ಪರೀಕ್ಷೆ ಬರೆದು, ಆಗದೆ, ಕಾನ್‌ಸ್ಟೆಬಲ್ ಆಗಿ ಸೇರಿದವನು, ಓದಿದ್ದು ಎಂಜಿನಿಯರಿಂಗ್. ಚಹಾ ತರಿಸಿ, ನಾಲ್ಕು ಪುಟವನ್ನೂ ಸಾವಕಾಶ ಓದಿ, ಹಾಳೆಗಳನ್ನು ಮೇಜಿನ ಮೇಲಿಟ್ಟು ಹೇಳಿದ: "ಸರ, ತಪ್ಪು ತಿಳ್ಕೋಬ್ಯಾಡ್ರಿ, ಇದು ಪ್ರಬಂಧ ಆಗೇತ್ರಿ. ನಮಗ ಸಾರಾಂಶ ಬೇಕು."

ಹೌದಾಗಿತ್ತು. ನಾನು ಮೂವತ್ತು ವರ್ಷದಿಂದ ತಪ್ಪದೆ ಬಿಲ್ ಕಟ್ಟುತ್ತಿರುವುದು, ಆ ದಿನ ಮಳೆ ಬರುತ್ತಿದ್ದುದು, ಆ ಕಡೆಯವನ ದನಿ ವಿನಯದ್ದಾಗಿದ್ದುದು ಎಲ್ಲವೂ ಅದರಲ್ಲಿದ್ದವು. ಅವನು ಪೆನ್ನು ಹಿಡಿದು ಒಂಬತ್ತು ಸಾಲಿಗೆ ಇಳಿಸಿದ: ಸಂದೇಶ ಬಂದ ದಿನಾಂಕ ಮತ್ತು ಹೊತ್ತು, ಯಾವ ಸಂಖ್ಯೆಯಿಂದ ಬಂತು, ನಾನು ಯಾವ ಸಂಖ್ಯೆಗೆ ಮಾತನಾಡಿದೆ, ಯಾವ ಫೈಲು, ನನ್ನ ಯಾವ ಖಾತೆಯಿಂದ ಎಷ್ಟೆಷ್ಟು, ಯಾವ ಯಾವ ಹೊತ್ತಿಗೆ ಹೋಯಿತು, ಪ್ರತಿಯೊಂದರ ಹನ್ನೆರಡು ಅಂಕಿಯ ವಹಿವಾಟು ಸಂಖ್ಯೆ. ಆಮೇಲೆ ನನ್ನ ಫೋನನ್ನು ಕೇಳಿ ಪಡೆದು, ಕಡ್ಡಿಯ ತುದಿಯನ್ನು ಒಂದೊಂದೇ ಅಂಕಿಯ ಕೆಳಗೆ ಇಡುತ್ತ ಸಂದೇಶಕ್ಕೂ ದೂರಿಗೂ ತಾಳೆ ನೋಡಿದ. ಎರಡನೆಯ ಸಂಖ್ಯೆಯ ಏಳನೆಯ ಅಂಕಿಯಲ್ಲಿ ನಿಂತ. ನಾನು 8 ಇದ್ದಲ್ಲಿ 3 ಬರೆದಿದ್ದೆ. "ಇದು ಹಿಂಗ ಹೋಗಿದ್ರ ಹತ್ತು ದಿನ ಬಿಟ್ಟು ಬ್ಯಾಂಕಿನವ್ರು ಅಂಥಾ ವ್ಯವಹಾರನ ಆಗಿಲ್ಲ ಅಂತ ಬರೀತಿದ್ರು ನೋಡ್ರಿ" ಎಂದ. ಹತ್ತು ಅಂಕದ ಪ್ರಶ್ನೆಗೆ ಉತ್ತರ ಅಲ್ಲಿ, ಆ ಕಡ್ಡಿಯ ತುದಿಯಲ್ಲಿ ಸಿಕ್ಕಿತು.

ಮುಂದಿನ ವಾರಗಳಲ್ಲಿ ಮೂರು ನಾಲ್ಕು ಸಲ ಹೋಗಿ ಬಂದೆ. ಸಂಕೀರ್ಣ ಅಪರಾಧ ಎಂಬ ಮಾತನ್ನು ನಾನು ಪ್ರಬಂಧಗಳಲ್ಲಿ ನೂರಾರು ಸಲ ತಿದ್ದಿದ್ದೇನೆ, ಅದರ ರೂಪವನ್ನು ಕಂಡದ್ದು ಅವನು ಹಳೆಯ ಹಾಳೆಯೊಂದರ ಬೆನ್ನಿಗೆ ಗೀಚಿದ ಗಿಡದ ಚಿತ್ರದಲ್ಲಿ. ಬುಡದಲ್ಲಿ ನನ್ನ ಖಾತೆ. ಅದರಿಂದ ಮೂರು ಟೊಂಗೆ. ಅವುಗಳಲ್ಲಿ ಒಂದು, ಬೇರೆ ರಾಜ್ಯದ ಕೂಲಿಯವನೊಬ್ಬನ ಹೆಸರಿನದು. ಒಂದಿಷ್ಟು ಸಾವಿರಕ್ಕೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಯಾರಿಗೋ ಕೊಟ್ಟು ಕೂತವನು ಅವನು. ಬಾಡಿಗೆ ಖಾತೆ ಎಂದರೆ ಅದೇ. ಅಲ್ಲಿಂದ ಮತ್ತೆ ಐದು ಟೊಂಗೆ, ಅದರಾಚೆ ಕೆಲವು ಎಟಿಎಂಗಳಲ್ಲಿ ನಗದಾಗಿ ಹೋದವು, ಕೆಲವು ಇನ್ನೂ ಮುಂದೆ. ಪ್ರತಿ ಟೊಂಗೆಗೂ ಒಂದು ಬ್ಯಾಂಕು, ಪ್ರತಿ ಬ್ಯಾಂಕಿಗೂ ಇಂಗ್ಲಿಷಿನಲ್ಲಿ ಒಂದು ಪತ್ರ, ಪ್ರತಿ ಪತ್ರಕ್ಕೂ ಉತ್ತರವಾಗಿ ಸಾವಿರಾರು ಸಾಲಿನ ಲೆಕ್ಕಪಟ್ಟಿ. ಹುಬ್ಬಳ್ಳಿಯ ಮುದುಕನೊಬ್ಬ ಕನ್ನಡದಲ್ಲಿ ಹೇಳಿದ್ದನ್ನು ದೂರದ ಬ್ಯಾಂಕಿನ ಅಧಿಕಾರಿಗೆ ಇಂಗ್ಲಿಷಿನಲ್ಲಿ ತಿಳಿಸಬೇಕು, ಅಲ್ಲಿಂದ ಬಂದದ್ದನ್ನು ಇಲ್ಲಿಯ ನ್ಯಾಯಾಲಯಕ್ಕೆ ಅರ್ಥವಾಗುವಂತೆ ಕನ್ನಡಕ್ಕೆ ತರಬೇಕು. ಅನುವಾದಕ್ಕೆ ಇಟ್ಟ 20 ಅಂಕವೂ ನೆನಪಾಯಿತು.

ಇಷ್ಟೆಲ್ಲ ಮಾಡುವವನು ಕಾನೂನಿನ ಕಣ್ಣಿಗೆ ತನಿಖಾಧಿಕಾರಿಯೇ ಅಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಮಿನ ಪ್ರಕಾರ ಆ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. 2009ಕ್ಕೆ ಮೊದಲು ಡಿವೈಎಸ್‌ಪಿಯೇ ಮಾಡಬೇಕಿತ್ತು, ತಿದ್ದುಪಡಿಯಿಂದ ಒಂದು ಮೆಟ್ಟಿಲು ಇಳಿಯಿತು. ಠಾಣೆಗೆ ಬರುವ ದೂರುಗಳ ರಾಶಿಗೆ ಒಬ್ಬರೋ ಇಬ್ಬರೋ ಇನ್‌ಸ್ಪೆಕ್ಟರು. ಆದ್ದರಿಂದ ಕೈ ಕಾನ್‌ಸ್ಟೆಬಲ್‌ನದು, ಸಹಿ ಸಾಹೇಬರದು ಎಂಬಂತೆ ಕೆಲಸ ನಡೆಯುತ್ತದೆ. ಆ ನಿಯಮದ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬರೀ ಪಿಯುಸಿ ಪಾಸಾಗಿರಬೇಕು ಎಂದು ಕರೆದ ಹುದ್ದೆಗೆ ಎಂಜಿನಿಯರು ಬಂದು ಕೂತಿದ್ದಾನೆ ಎಂಬ ಅದೃಷ್ಟದ ಮೇಲೆ ನನ್ನ 86 ಸಾವಿರ ನಿಂತಿತ್ತು ಎಂಬುದನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಗಣೇಶನ ಹಬ್ಬ ಬಂತು, ಅವನನ್ನು ಹುಬ್ಬಳ್ಳಿಯ ಬಂದೋಬಸ್ತಿಗೆ ಹಾಕಿದರು, ಗಿಡದ ಚಿತ್ರ ಮೇಜಿನ ಗಾಜಿನ ಕೆಳಗೆ ಹಾಗೆಯೇ ಉಳಿಯಿತು. ತಡೆಹಿಡಿದಿದ್ದ ಹತ್ತೊಂಬತ್ತು ಸಾವಿರ ಮುಂದೆ ನ್ಯಾಯಾಲಯದ ಆದೇಶದ ಮೇಲೆ ವಾಪಸು ಬಂತು. ಉಳಿದದ್ದು ಬರುವುದಿಲ್ಲವೆಂದು ನಾನೂ ಬಲ್ಲೆ, ಅವನೂ ಬಲ್ಲ.

ಕಾಗದದ ಕೆಲಸ ಇನ್ನು ಮೇಲೆ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧನೆ ಮತ್ತು ಜಪ್ತಿಯನ್ನು ಧ್ವನಿ ಸಹಿತ ಚಿತ್ರೀಕರಿಸಬೇಕೆಂದು ಹೇಳುತ್ತದೆ; 176ನೇ ಕಲಮು ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆನ್ನುತ್ತದೆ, ರಾಜ್ಯಗಳಿಗೆ ಅದಕ್ಕೆ ಐದು ವರ್ಷದ ಅವಕಾಶ ಕೊಟ್ಟಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಹ್ಯಾಶ್ ಮೌಲ್ಯವನ್ನು, ಅಂದರೆ ಆ ದಾಖಲೆಯಿಂದ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಗುರುತನ್ನು, ಅದನ್ನು ಯಾವ ವಿಧಾನದಿಂದ ಪಡೆದದ್ದು ಎಂಬುದರ ಸಮೇತ ನಮೂದಿಸಬೇಕು. ಒಂದು ಅಕ್ಷರ ಬದಲಾದರೂ ಆ ಮೌಲ್ಯ ಪೂರ್ತಿ ಬೇರೆಯಾಗುತ್ತದೆ. ಹಿಂದೆ ಪಂಚನಾಮೆ ಎಂದರೆ ಇಬ್ಬರು ಪಂಚರನ್ನು ಹಿಡಿದು ತಂದು, ಹಳೆಯ ಪಂಚನಾಮೆಯ ಒಕ್ಕಣೆಯನ್ನೇ ಇಳಿಸಿ, ಹೆಸರು ಬದಲಿಸಿ ಸಹಿ ಹಾಕಿಸುವ ರೂಢಿ ಎಷ್ಟೋ ಕಡೆ ಇತ್ತು. ವಕೀಲರು ಅದನ್ನು ಜರಡಿ ಹಿಡಿಯುವುದೂ ಅಲ್ಲಿಯೇ. ಈಗ ವಿಡಿಯೊದಲ್ಲಿ ಕಾಣುವುದಕ್ಕೂ ಬರೆದದ್ದಕ್ಕೂ ಹೊಂದಾಣಿಕೆಯಾಗದಿದ್ದರೆ ಪ್ರಕರಣ ಅಲ್ಲಿಗೆ ಸಡಿಲವಾಯಿತೆಂದೇ ಲೆಕ್ಕ.

ಧಾರವಾಡದವರಿಗೆ ಇದರ ಬೆಲೆ ತಿಳಿಯದ್ದಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣ ನಗರದ ಮನೆಯಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಬಾಗಿಲು ಬಡಿದು ಕರೆದು ಗುಂಡಿಟ್ಟು ಕೊಂದಾಗ, ನಾನು ಅಲ್ಲಿಂದ ಹೆಚ್ಚು ದೂರವೇನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಹೊರಗೆ ಬಂದು ನಿಂತಿತ್ತು. ಸಿಐಡಿ ತನಿಖೆ ನಡೆದೇ ಇತ್ತು, ವರ್ಷಗಳು ಉರುಳಿದವು, ಪ್ರತಿ ಆಗಸ್ಟಿನಲ್ಲಿ ನಾವು ಅದೇ ಪ್ರಶ್ನೆ ಕೇಳುತ್ತಿದ್ದೆವು. 2017ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾದ ಮೇಲೆ, ಎರಡೂ ಕಡೆ ಸಿಕ್ಕ ಗುಂಡು ಮತ್ತು ಖಾಲಿ ಕೋಶಗಳ ಮೇಲಿನ ಗುರುತುಗಳನ್ನು ಹೋಲಿಸಿದ ವಿಧಿವಿಜ್ಞಾನ ವರದಿ, ಎರಡಕ್ಕೂ ಬಳಸಿದ್ದು 7.65 ಮಿ.ಮೀ.ನ ಒಂದೇ ನಾಡ ಪಿಸ್ತೂಲು ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಕರಣವನ್ನೂ ಗೌರಿ ಹತ್ಯೆಯ ತನಿಖೆ ನಡೆಸಿದ್ದ ವಿಶೇಷ ತನಿಖಾ ತಂಡಕ್ಕೇ ಒಪ್ಪಿಸಿತು, ಅದೇ ವರ್ಷದ ಆಗಸ್ಟಿನಲ್ಲಿ ದೋಷಾರೋಪಪಟ್ಟಿ ಸಲ್ಲಿಕೆಯಾಯಿತು. ಬೆನ್ನಟ್ಟಿ ಓಡಿ ಹಿಡಿದವರ ಕಥೆ ಇದಲ್ಲ. ಸೂಕ್ಷ್ಮದರ್ಶಕದ ಕೆಳಗೆ ಗೀರುಗಳನ್ನು ಓದಿದವರು, ಫೋನು ಕರೆಗಳ ಪಟ್ಟಿಯನ್ನು ತಿಂಗಳುಗಟ್ಟಲೆ ಓದಿದವರು, ಸಿಕ್ಕ ಡೈರಿಯ ಸಂಕೇತಗಳನ್ನು ಓದಿದವರು ಇದರಲ್ಲಿ ಮುಖ್ಯರು. ಮೊದಲ ವಾರದಲ್ಲಿ ಕಲ್ಯಾಣ ನಗರದ ನೆಲದಿಂದ ಎತ್ತಿದ್ದನ್ನು ಯಾರೋ ಸರಿಯಾಗಿ ಎತ್ತಿ, ಸರಿಯಾಗಿ ಬರೆದು, ಸರಿಯಾಗಿ ಇಟ್ಟಿದ್ದರಿಂದ ಎರಡು ವರ್ಷದ ಮೇಲೆ ಆ ಹೋಲಿಕೆ ಸಾಧ್ಯವಾಯಿತು. ಆ ಯಾರೋ ಒಬ್ಬರ ಹೆಸರು ನಮಗಾರಿಗೂ ಗೊತ್ತಿಲ್ಲ.

ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿ 28ರಂದು ಕೇಂದ್ರ ಗೃಹ ಸಚಿವರು ಅಡಿಗಲ್ಲು ಹಾಕಿದಾಗ ನನಗೆ ಸಂತೋಷವಾಯಿತು. ಪ್ರಯೋಗಾಲಯಗಳು ಬೇಕು, ತಜ್ಞರು ಬೇಕು. ಆದರೆ ಪ್ರಯೋಗಾಲಯಕ್ಕೆ ಹೋಗುವ ಪೊಟ್ಟಣಕ್ಕೆ ಅರಗು ಹಾಕಿ ಚೀಟಿ ಬರೆಯುವ ಕೈ ಠಾಣೆಯದು. ಆ ಕೈಯನ್ನು ನಾವು ಆರಿಸುವ ಬಗೆಯೇ ನನ್ನ ತಕರಾರು.

ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಇರುವುದು 100 ಅಂಕದ, ಒಂದೂವರೆ ತಾಸಿನ, ಕಪ್ಪು ಚುಕ್ಕೆ ತುಂಬುವ ಪತ್ರಿಕೆ. ಪರೀಕ್ಷೆಯ ಆರಂಭದಿಂದ ಕೊನೆಯವರೆಗೆ ಅಭ್ಯರ್ಥಿ ತಾನಾಗಿ ಒಂದು ಪೂರ್ಣ ವಾಕ್ಯವನ್ನೂ ಬರೆಯುವುದಿಲ್ಲ. ಇಲಾಖೆಯ ಬಹುಪಾಲು ಜನ ಬರುವುದು ಆ ಬಾಗಿಲಿನಿಂದ, ಸಾಮಾನ್ಯ ಮನುಷ್ಯನ ದೂರನ್ನು ಮೊದಲು ಕೇಳುವವರೂ ಅವರೇ. ಪಿಎಸ್‌ಐ ಪರೀಕ್ಷೆಯಲ್ಲಿ ನಾಲ್ಕರಲ್ಲೊಂದು ಪಾಲಾದರೂ ಬರವಣಿಗೆ ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಕು.

ಆ ನಾಲ್ಕರಲ್ಲೊಂದು ಪಾಲಿನ ಇನ್ನೊಂದು ಗುಣವನ್ನು 545 ಪಿಎಸ್‌ಐ ಹುದ್ದೆಗಳ ಹಗರಣ ತೋರಿಸಿಕೊಟ್ಟಿತು. 2021ರ ಅಕ್ಟೋಬರ್ 3ರಂದು ನಡೆದ ಆ ಪರೀಕ್ಷೆಯಲ್ಲಿ ಬ್ಲೂಟೂತ್ ಸಾಧನ ಬಳಸಿದ, ಕಪ್ಪು ಚುಕ್ಕೆಯ ಒಎಂಆರ್ ಹಾಳೆಯನ್ನು ಆಮೇಲೆ ತುಂಬಿಸಿದ ಆರೋಪಗಳು ಹೊರಬಿದ್ದು, ಅಭ್ಯರ್ಥಿಯ ಕೈಯಲ್ಲಿದ್ದ ಕಾರ್ಬನ್ ಪ್ರತಿಗೂ ಮೂಲ ಹಾಳೆಗೂ ಹೊಂದಿಕೆಯಾಗದ್ದು ಕಂಡು, 2022ರ ಏಪ್ರಿಲ್ 29ರಂದು ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು, ಪರೀಕ್ಷಾ ಪ್ರಾಧಿಕಾರದ ಮೂಲಕ. ಪೊಲೀಸರನ್ನು ಆರಿಸುವ ಪರೀಕ್ಷೆಯೇ ಪೊಲೀಸರು ಭೇದಿಸಬೇಕಾದ ಜಟಿಲ ಅಪರಾಧವಾಯಿತು ಎಂದು ಆಗ ಎಲ್ಲರೂ ನಕ್ಕರು. ನನ್ನ ತರಗತಿಯಲ್ಲಿ ನಗುವಂತಿರಲಿಲ್ಲ. ಆಯ್ಕೆ ಪಟ್ಟಿಯಲ್ಲಿ ಪ್ರಾಮಾಣಿಕವಾಗಿ ಹೆಸರು ಬಂದು ಊರಲ್ಲಿ ಸನ್ಮಾನವಾಗಿದ್ದವನೂ, ಮೋಸದಿಂದ ತನ್ನ ಜಾಗ ಹೋಯಿತೆಂದು ಸಿಟ್ಟಾಗಿದ್ದವನೂ ಒಂದೇ ಬೆಂಚಿನಲ್ಲಿದ್ದರು. ನಾನು ಗಮನಿಸಿದ್ದು ಬೇರೆ. ಕಪ್ಪು ಚುಕ್ಕೆಗೆ ಕೈಬರಹವಿಲ್ಲ, ಅದನ್ನು ಯಾರು ಬೇಕಾದರೂ ತುಂಬಬಹುದು. ಆರುನೂರು ಪದದ ಪ್ರಬಂಧವನ್ನು ರಾತ್ರಿ ಕೂತು ಇನ್ನೊಬ್ಬನ ಅಕ್ಷರದಲ್ಲಿ, ಇನ್ನೊಬ್ಬನ ತಪ್ಪುಗಳ ಸಮೇತ ತುಂಬಿಸಿಕೊಡುವುದು ಅಷ್ಟು ಸುಲಭವಲ್ಲ.

ಕಾಗದ ಬಲ್ಲವರೇ ಸಾಕು, ಓಟ ಬೇಡ ಎಂದು ನಾನು ಹೇಳಲಾರೆ. 2022ರ ಏಪ್ರಿಲಿನ ಆ ರಾತ್ರಿ ಹಳೇ ಹುಬ್ಬಳ್ಳಿ ಠಾಣೆಯ ಮೇಲೆ ಕಲ್ಲು ಬಿದ್ದಾಗ ಅಲ್ಲಿ ನಿಲ್ಲಲು ಬೇಕಾಗಿದ್ದದ್ದು ಗಟ್ಟಿ ಮೈ, ಗಟ್ಟಿ ಎದೆ. ಹಾಗೆಯೇ ಕಂಪ್ಯೂಟರ್ ಪದವೀಧರರನ್ನು ತುಂಬಿಬಿಟ್ಟರೆ ಸೈಬರ್ ಅಪರಾಧ ಕೊನೆಗೊಳ್ಳುತ್ತದೆ ಎಂಬ ವಾದವನ್ನೂ ನಾನು ನಂಬುವುದಿಲ್ಲ. ಸಾಫ್ಟ್‌ವೇರನ್ನು ಆರು ತಿಂಗಳಲ್ಲಿ ಕಲಿಸಬಹುದು. ಬೇಸರದ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವ ಅಭ್ಯಾಸವನ್ನು ಇಪ್ಪತ್ತೈದು ದಾಟಿದ ಮೇಲೆ ಕಲಿಸುವುದು ಕಷ್ಟ. ನನ್ನ ಕೈಯಲ್ಲಿದ್ದರೆ ಕಾನ್‌ಸ್ಟೆಬಲ್ ಪತ್ರಿಕೆಯಲ್ಲಿ ಯಾವ ರಾಜ ಯಾವ ಕೆರೆ ಕಟ್ಟಿಸಿದ ಎಂಬಂಥ ಇಪ್ಪತ್ತು ಪ್ರಶ್ನೆ ತೆಗೆದುಹಾಕಿ, ಒಬ್ಬ ಮುದುಕಿ ಹೇಳಿದ ಕಳವಿನ ಮಾತುಗಳನ್ನು ಹಾಗೆಯೇ ಅಚ್ಚುಮಾಡಿ, ಇದನ್ನು ಒಂಬತ್ತು ಸಾಲಿನ ದೂರಾಗಿ ಬರೆ ಎಂದು ಕೇಳುತ್ತಿದ್ದೆ. ಲಕ್ಷಗಟ್ಟಲೆ ಉತ್ತರಪತ್ರಿಕೆ ಯಾರು ತಿದ್ದುತ್ತಾರೆ ಎಂದು ಕೇಳುವವರಿದ್ದಾರೆ. ನಿವೃತ್ತ ಮೇಷ್ಟ್ರುಗಳಿಗೆ ಈ ನಾಡಿನಲ್ಲಿ ಬರವಿಲ್ಲ.

2025ರಲ್ಲಿ ನೇಮಕಾತಿ ಅಧಿಸೂಚನೆಗಳು ನಿಂತು, ವಯಸ್ಸು ಮೀರುತ್ತಿದೆ ಎಂದು ಧಾರವಾಡದ ಅಭ್ಯರ್ಥಿಗಳು ಬೀದಿಗಿಳಿದಾಗ ನನ್ನ ತರಗತಿ ಎರಡು ವಾರ ನಡೆಯಲಿಲ್ಲ. ಮತ್ತೆ ಶುರುವಾದ ದಿನ ನಾನು ಹಳೆಯ ಪ್ರಶ್ನೆಪತ್ರಿಕೆಯ ಭಾಗವನ್ನು ಬಿಟ್ಟು, ಹೆಸರು ಮತ್ತು ಅಂಕಿಗಳನ್ನು ಬದಲಿಸಿ, ನನ್ನದೇ ನಾಲ್ಕು ಪುಟದ ದೂರನ್ನು ಝೆರಾಕ್ಸ್ ಮಾಡಿಸಿ ಹಂಚಿದೆ. ಒಂದು ಸಂಖ್ಯೆಯಲ್ಲಿ ಬೇಕೆಂದೇ ಹನ್ನೆರಡರ ಬದಲು ಹನ್ನೊಂದು ಅಂಕಿ ಇಟ್ಟಿದ್ದೆ. ನಲವತ್ತೊಂದು ಜನ ಬರೆದರು. ಮಳೆಯನ್ನು ಬಿಟ್ಟವರು ಬಹಳ ಮಂದಿ, ವಹಿವಾಟಿನ ಸಂಖ್ಯೆಗಳನ್ನೂ ಮಳೆಯ ಜೊತೆಗೇ ಬಿಟ್ಟವರು ಅದಕ್ಕಿಂತ ಹೆಚ್ಚು. ಎಂಟು ಜನ ಆನ್‌ಲೈನ್ ಮೋಸದ ಬಗ್ಗೆ ಜಾಗೃತರಾಗಿರಬೇಕೆಂದು ನನಗೇ ಬುದ್ಧಿ ಹೇಳಿದ್ದರು.

ರೋಣದ ಕಡೆಯ ಹುಡುಗಿಯೊಬ್ಬಳು ಹಾಳೆ ಕೊಡದೆ ಕೂತಿದ್ದಳು. ಹೊತ್ತಾಯಿತಲ್ಲವ್ವಾ ಎಂದೆ. ಪೆನ್ನಿನ ತುದಿಯನ್ನು ಮೂರನೆಯ ಪುಟದ ಸಾಲೊಂದರ ಕೆಳಗೆ ಇಟ್ಟುಕೊಂಡೇ ತಲೆಯೆತ್ತಿ ಕೇಳಿದಳು: "ಸರ, ಇಲ್ಲೊಂದು ಅಂಕಿ ಕಡಿಮಿ ಐತ್ರಿ. ನಾ ಹಂಗ ಬರೀಲೋ, ನಿಮ್ಮ ಫೋನ್ ನೋಡಿ ಬರೀಲೋ?"